ಗಾಜಪ್ಪನವರ ಮೊಸಳೆ ಮೀನು

ಗಾಜಪ್ಪನವರ ವಿಷಯ ನನ್ನ ಕಿವಿಗೆ ಮೊದಲು ಬಿದ್ದದ್ದು ಒಣಮೀನಿನವಳ ಬಾಯಿಂದ. ನಮ್ಮ ಯಜಮಾನರು ತೀರಿಕೊಂಡ ಮೇಲೆ ಮಾರ್ಕೆಟ್ಟಿನಲ್ಲಿ ಅವರು ಕೂರುತ್ತಿದ್ದ ಕಲ್ಲುಕಟ್ಟೆಯ ಮೇಲೆ ನಾನು ಕೂರೋಕೆ ಶುರು ಮಾಡಿದ ಹೊಸದು. ಮಾರಾಟ ಮುಗಿಸಿ, ಬಲೆಯ ತಳದಲ್ಲಿ ಸುಮ್ಮನೆ ಬಂದುಬಿಡುವ ಬೆರಳುದ್ದದ ಪುಡಿ ಮೀನನ್ನು ಬುಟ್ಟಿಗೆ ಗೋರಿಕೊಂಡು ಕಸದ ತೊಟ್ಟಿಯ ಕಡೆ ಹೊರಟಿದ್ದೆ. ಪಕ್ಕದ ಕಟ್ಟೆಯ ಒಣಮೀನಿನವಳು ಬುಟ್ಟಿಗೆ ಕೈ ಅಡ್ಡ ಹಾಕಿದಳು.

"ಚೆಲ್ಲಬೇಡ ಕಣೇ. ಅದಕ್ಕೆ ಒಬ್ಬ ಗಿರಾಕಿ ಇದ್ದಾನೆ. ನಿನ್ನ ಗಂಡ ದಿನಾ ಅವನಿಗೇ ತೆಗೆದಿಡ್ತಿದ್ದ."

ಬೆಕ್ಕು ಸಾಕಿದ್ದಾನಾ ಅಂತ ಕೇಳಿದೆ. ಬೆಕ್ಕಾಗಿದ್ದರೆ ಯಾರು ಮಾತಾಡ್ತಿದ್ದರು, ಮೀನು ಸಾಕಿದ್ದಾನೆ ಅಂದಳು. ಮೀನಿಗೆ ಮೀನು ಹಾಕೋದು ಅಂದರೆ ನನಗೆ ನಗು ಬಂತು. ನಗೋದೇನು, ಆ ಮನುಷ್ಯ ತಾನು ಮಾತ್ರ ಮೀನು ಬಾಯಿಗಿಡಲ್ಲ, ವಾಸನೆಗೆ ಮೂಗು ಮುಚ್ಚಿಕೊಂಡೇ ಕೊಳ್ತಾನೆ, ಗುರುತು ಬೇಕಾದರೆ ಎರಡು ಕೈ ಅಗಲಿಸಿಕೊಂಡು ಬಾಗಿಲು ಹೊತ್ತವನ ಹಾಗೆ ನಡೆದು ಬರ್ತಾನೆ ನೋಡು ಅಂದಳು.

ಹಾಗೇ ಬಂದರು. ಸಣಕಲು ಆಳು. ಹಗಲೆಲ್ಲ ಗಾಜಿನ ಹಾಳೆ ಎತ್ತಿ ಎತ್ತಿ, ಬರೀ ಕೈಯಲ್ಲಿ ನಡೆಯುವಾಗಲೂ ತೋಳುಗಳು ಮೈಯಿಂದ ದೂರವೇ ನಿಲ್ಲುತ್ತಿದ್ದವು. ಜನ ದಾರಿ ಬಿಡುತ್ತಿದ್ದರು, ಅಲ್ಲೇನೋ ಕಾಣದ ಗಾಜು ಇದ್ದ ಹಾಗೆ. ಹೆಬ್ಬೆರಳು ತೋರುಬೆರಳಿನ ತುಂಬ ಹಳೆಯ ಗಾಯದ ಗೆರೆಗಳು. ನನ್ನ ಮುಖ ನೋಡಲಿಲ್ಲ, ಬುಟ್ಟಿ ನೋಡಿದರು.

"ಇವತ್ತಿನದೇ ತಾನೆ?"

ಇವತ್ತಿನದೇ ಅಂದೆ. ಮುಳ್ಳಿರೋದನ್ನ ಬೇರೆ ಮಾಡಿ ಕೊಡಿ, ಗಂಟಲಿಗೆ ಸಿಕ್ಕೊಳ್ಳುತ್ತೆ ಅಂದರು. ಯಾರ ಗಂಟಲಿಗೆ ಅಂತ ನಾನು ಕೇಳಿದ್ದಕ್ಕೆ "ನಮ್ಮವನ ಗಂಟಲಿಗೆ" ಅಂದರು. ಮಗನ ವಿಷಯ ಹೇಳುವವರ ಮುಖ ಹೇಗಿರುತ್ತದೋ ಹಾಗೇ ಇತ್ತು. ಅವತ್ತಿಂದ ಅವರಿಗೆ ನಾನು ಅಕ್ಕ, ನನಗೆ ಅವರು ಅಣ್ಣ. ಯಾರು ದೊಡ್ಡವರು ಯಾರು ಚಿಕ್ಕವರು ಅಂತ ಇಬ್ಬರೂ ವಿಚಾರಿಸಲಿಲ್ಲ. ಗಾಜಪ್ಪ ಅನ್ನುವುದು ಬೀದಿಯವರು ಇಟ್ಟ ಹೆಸರು. ಎದುರಿಗೇ ಹಾಗೆ ಕರೆದರೂ ಅವರು ಓಗೊಡುತ್ತಿದ್ದರು.

ಅವರ ಅಂಗಡಿ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿತ್ತು. ಯಜಮಾನರ ಫೋಟೋಗೆ ಕಟ್ಟು ಹಾಕಿಸಬೇಕು ಅಂತ ಒಂದು ದಿನ ಹೋದೆ. ಗೋಡೆಗೆ ಒರಗಿಸಿ ನಿಲ್ಲಿಸಿದ ಗಾಜುಗಳು, ನಡುನಡುವೆ ಹಳೆಯ ಪೇಪರು. ಹಳೆ ಕಂಬಳಿ ಹಾಸಿದ ಉದ್ದನೆಯ ಮೇಜು. ಮೂಲೆಯಲ್ಲಿ ಕಟ್ಟು ಹಾಕಿ ಮುಗಿಸಿದ ಫೋಟೋಗಳು, ಮುಕ್ಕಾಲು ಪಾಲು ಸತ್ತವರವು. ನಮ್ಮ ಯಜಮಾನರ ಮುಖ ಆ ಮೇಜಿನ ಮೇಲೆ ಅಂಗಾತ ಮಲಗಿತ್ತು. ಗಾಜಪ್ಪನವರು ಗಾಜಿನ ಮೇಲೆ ಮರದ ಪಟ್ಟಿ ಇಟ್ಟು, ಕೊಯ್ಯುವ ಉಳಿಯನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಒಂದೇ ಎಳೆತಕ್ಕೆ ಗೆರೆ ಎಳೆದರು. ಕಿರ್ರ್ ಅಂತ ಸದ್ದು. ಆಮೇಲೆ ಕೆಳಗಿಂದ ಬೆರಳಿನಲ್ಲಿ ಒಂದು ತಟ್ಟು, ಗಾಜು ಎರಡಾಯಿತು. ಆ ಗೆರೆ ಎಳೆಯುವಷ್ಟು ಹೊತ್ತು ನಾನು ಏನೋ ಕೇಳಿದ್ದೆ, ಉತ್ತರ ಬರಲಿಲ್ಲ. ಒಳಗಿಂದ ಅವರ ಹೆಂಡತಿ ಕೂಗಿ ಹೇಳಿದರು: "ಅವರು ಗೆರೆ ಎಳೀವಾಗ ಮನೆಗೆ ಬೆಂಕಿ ಬಿದ್ದರೂ ಕೇಳಿಸಲ್ಲಮ್ಮ. ಮುಗಿದ ಮೇಲೆ ಇನ್ನೊಂದು ಸಲ ಕೇಳಿ." ನಿಜವೇ ಆಗಿತ್ತು. ನಡುವೆ ಕೈ ನಿಂತರೆ ಗಾಜು ತನಗೆ ಬೇಕಾದ ಕಡೆ ಸೀಳುತ್ತದೆ, ಗೆರೆಯ ಮೇಲೆ ಗೆರೆ ಎಳೆದರೂ ಅಷ್ಟೇ. ಅದಕ್ಕೇ ಉಸಿರು ಬಿಗಿಹಿಡಿದು, ಕಿವಿ ಮುಚ್ಚಿ ಎಳೆಯುತ್ತಿದ್ದರು.

ಅಂಗಡಿಯ ಹಿಂದೆಯೇ ಮನೆ. ಮೊದಲನೆಯ ಕೋಣೆಯಲ್ಲಿ ಗಾಜಿನ ತೊಟ್ಟಿ. ಬನ್ನಿ ನೋಡಿ ಅಂತ ಕರೆದುಕೊಂಡು ಹೋದರು.

ನಾನು ಹುಟ್ಟಿದ್ದು ಮೀನಿನವರ ಮನೆಯಲ್ಲಿ, ಸೇರಿದ್ದು ಮೀನಿನವರ ಮನೆಗೆ. ಅಂಥ ಮೀನು ನೋಡಿರಲಿಲ್ಲ. ಮೈಯೆಲ್ಲ ಹೆಂಚು ಹೊದಿಸಿದ ಹಾಗೆ ಗಟ್ಟಿ ಪರೆ. ಮೂತಿ ಮಾತ್ರ ಮೊಸಳೆಯದೇ. ಉದ್ದಕ್ಕೆ ಹಲ್ಲು, ಬಾಯಿ ಮುಚ್ಚಿದರೂ ಕಾಣುವಂಥವು. ಮರದ ತುಂಡಿನ ಹಾಗೆ ಅಲ್ಲಾಡದೆ ನಿಂತಿತ್ತು. ನೋಡ್ತಾ ನೋಡ್ತಾ ಮೇಲಕ್ಕೆ ಬಂದು ಗುಳುಕ್ ಅಂತ ಗಾಳಿ ಕುಡಿದು ಮತ್ತೆ ಕೆಳಗಿಳಿಯಿತು. ಗಾಜಪ್ಪನವರು ನಾನು ಕೊಟ್ಟ ಪುಡಿ ಮೀನಿನಲ್ಲಿ ಒಂದನ್ನು ಬಾಲ ಹಿಡಿದು ಇಳಿಬಿಟ್ಟರು. ಅದು ತಲೆಯನ್ನು ಪಕ್ಕಕ್ಕೆ ಒಂದು ಸಲ ಬೀಸಿತು, ಅಷ್ಟೇ. ಮೀನು ಇರಲಿಲ್ಲ.

ಪಂಜರದ ಹಕ್ಕಿ, ಬಣ್ಣದ ಮೀನು ಮಾರುವ ಅಂಗಡಿಗೆ ಅವರು ತೊಟ್ಟಿ ಮಾಡಿಕೊಡುತ್ತಿದ್ದರಂತೆ. ಅಂಗಡಿಯವನು ಒಂದು ದಿನ ಪೆನ್ಸಿಲಿನಷ್ಟು ಉದ್ದದ ಮರಿಯನ್ನು ನೀರಿನ ಕವರಿನಲ್ಲಿ ಹಾಕಿ ಕೊಟ್ಟು, ಇಟ್ಕೊಳ್ಳಿ, ಅಬ್ಬಬ್ಬಾ ಅಂದ್ರೆ ಒಂದು ಗೇಣು ಬೆಳೆಯುತ್ತೆ ಅಂದಿದ್ದ. ಗೇಣು ಮೊಳವಾಯಿತು, ಮೊಳ ಮಾರಾಗುವ ಹಾದಿ ಹಿಡಿಯಿತು. ಬೇರೆಯವರಾದರೆ ಅಂಗಡಿಗೇ ವಾಪಸು ಕೊಡುತ್ತಿದ್ದರು. ಇವರ ಕೈಯಲ್ಲೇ ಗಾಜಿತ್ತು. ಮೀನು ಬೆಳೆದ ಹಾಗೆಲ್ಲ ದೊಡ್ಡ ತೊಟ್ಟಿ ಮಾಡಿದರು, ಮಕ್ಕಳಿಗೆ ವರ್ಷ ವರ್ಷ ಹೊಸ ಅಂಗಿ ಹೊಲಿಸುವ ಹಾಗೆ. ಕೊನೆಯದಂತೂ ಗಾಜುಗಳನ್ನು ಬಿಡಿಬಿಡಿಯಾಗಿ ಒಳಗೆ ತಂದು ಕೋಣೆಯಲ್ಲೇ ಅಂಟಿಸಿ ನಿಲ್ಲಿಸಿದ್ದು. ಬಾಗಿಲಿಗಿಂತ ಅಗಲ ಇತ್ತು. ಮಂಚ ಅಡುಗೆಮನೆಯ ಪಕ್ಕಕ್ಕೆ ಹೋಯಿತು.

ಅವರ ಹೆಂಡತಿ ಬಾಯಿಗೆ ಬೀಗ ಇಲ್ಲದ ಹೆಂಗಸು, ಒಳ್ಳೆಯವರು. ಮಕ್ಕಳು ಆಗಿರಲಿಲ್ಲ. ನನ್ನನ್ನು ಕೂರಿಸಿಕೊಂಡು ಹೇಳುತ್ತಿದ್ದರು, ಎಲ್ಲರ ಗಂಡಂದಿರೂ ಸವತಿಯನ್ನ ಬೇರೆ ಬೀದಿಯಲ್ಲಿಡ್ತಾರೆ, ನಮ್ಮವರು ನಡುಮನೆಗೇ ತಂದಿಟ್ಟವರೆ ಅಂತ. ಅದಕ್ಕೆ ಊಟ ಆಗದೆ ಇವರು ತಟ್ಟೆ ಮುಂದೆ ಕೂರಲ್ಲ, ನನಗೆ ಜ್ವರ ಬಂದರೆ ಮಾತ್ರೆ ಎಲ್ಲಿದೆ ಅಂತ ನನ್ನನ್ನೇ ಕೇಳ್ತಾರೆ ಅಂತ. ಗಾಜಪ್ಪನವರು ಕೇಳಿಸಿಕೊಂಡೂ ಸುಮ್ಮನೆ ತೊಟ್ಟಿಯ ಗಾಜು ಒರೆಸುತ್ತಿದ್ದರು. ಮಾತಿನಲ್ಲಿ ಬಲು ಜಿಪುಣ. ಆ ಮೀನಿನ ಜೊತೆ ಮಾತ್ರ ಮಾತಾಡುತ್ತಿದ್ದರಂತೆ. ಏನು ಮಾತಾಡ್ತಾರೆ ಅಂತ ನಾನು ಕೇಳಿದರೆ, "ಏನೂ ಇಲ್ಲ, ಇವತ್ತು ಯಾರ ಯಾರ ಫೋಟೋ ಬಂತು ಅಂತ ವರದಿ ಒಪ್ಪಿಸ್ತಾರೆ" ಅಂದರು ಹೆಂಡತಿ.

ಹೀಗೇ ವರ್ಷಗಳು ಹೋದವು. ನನ್ನ ಕೈ ತಕ್ಕಡಿಗೆ ಒಗ್ಗಿತು. ನಮ್ಮ ಊರಾಚೆಯ ಕೆರೆಯಲ್ಲಿ ಬಲೆ ಹಾಕುವುದು ನನ್ನ ಮೈದುನ. ಬೆಳಗ್ಗೆ ನಾನು ಕೆರೆ ಏರಿಗೆ ಹೋಗಿ ಅವನ ಬಲೆಯ ಮೀನು ತಂದು ಮಾರುತ್ತಿದ್ದೆ. ನಮ್ಮ ಎರಡು ಮನೆಯ ಅನ್ನ ಆ ಕೆರೆ. ಪುಡಿ ಮೀನು ಗಾಜಪ್ಪನವರಿಗೆ. ಒಣಮೀನಿನವಳು ಅವರು ಬಂದಾಗೆಲ್ಲ, ನಿಮ್ಮವನಿಗೆ ಹೆಣ್ಣು ನೋಡೋದು ಯಾವಾಗ ಅಂತ ಕೆಣಕುತ್ತಿದ್ದಳು. ಅವರು ಒಮ್ಮೆಯೂ ಸಿಟ್ಟಾಗಲಿಲ್ಲ.

ಆಮೇಲೆ ಕಾನೂನು ಬಂತು. ಯಾವುದೋ ಊರಿನಲ್ಲಿ ಇಂಥದೇ ಮೀನನ್ನು ಯಾರೋ ಸಾಕಲಾರದೆ ಕೆರೆಗೆ ಹಾಕಿ, ಅದು ಅಲ್ಲಿದ್ದ ಮೀನನ್ನೆಲ್ಲ ನುಂಗಿ, ಬಲೆ ಹಾಕಿದವರಿಗೆ ಬರೀ ನೀರು ಸಿಕ್ಕಿತಂತೆ. ಅದಕ್ಕೆ ಇನ್ನು ಮುಂದೆ ಮೊಸಳೆ ಮೀನು, ಅದರಂತೆ ಬೇರೆ ದೇಶದಿಂದ ಬಂದ ಮೀನು ತಿನ್ನುವ ಮೀನುಗಳನ್ನು ಮನೆಯಲ್ಲಿ ಸಾಕಬಾರದು, ಅಂಗಡಿಯಲ್ಲಿ ಮಾರಬಾರದು. ಇದನ್ನು ಸಾರುವುದಕ್ಕೆ ಮೀನಿನ ಇಲಾಖೆಯವರು ಆಟೋಗೆ ಮೈಕು ಕಟ್ಟಿ ಕಳಿಸಿದರು.

ಆ ಆಟೋ ಮಾರ್ಕೆಟ್ಟಿನ ಬಾಗಿಲಲ್ಲಿ ನಿಂತು ಸಾರಿದ್ದನ್ನೇ ಸಾರಿತು. ನಮಗೆ ಬಾಯಿಪಾಠ ಆಗುವಷ್ಟು. "ಮೊಸಳೆ ಮೀನನ್ನು ಸಾಕಿರುವವರು ಕೂಡಲೇ ಅದನ್ನು ಸಾಕುವುದನ್ನು ಬಿಡಬೇಕು. ಯಾವ ಕಾರಣಕ್ಕೂ ಕೆರೆ ಕಾಲುವೆಗಳಿಗೆ ಬಿಡಬಾರದು. ಇಲಾಖೆಗೆ ತಿಳಿಸಬೇಕು." ನಾವು ಗಾಜಪ್ಪನವರ ಗತಿ ಏನಪ್ಪ ಅಂದುಕೊಂಡೆವು. ಆಟೋ ನಮ್ಮನ್ನು ದಾಟಿ ಅವರ ಓಣಿಗೆ ಹೋಯಿತು. ಓಣಿಯಲ್ಲಿ ನಿಲ್ಲಿಸೋಕೆ ಜಾಗ ಇಲ್ಲ, ಹಾಗೇ ಓಡಿಸಿಕೊಂಡು ಹೋಗಿದೆ.

ಮಧ್ಯಾಹ್ನ ಅವರು ಬಂದರು. ಮುಖದಲ್ಲಿ ಯಾವತ್ತೂ ಕಾಣದ ಕಳೆ. ಪುಡಿ ಮೀನು ಜಾಸ್ತಿ ಕೊಡಿ ಅಂದರು. ನಾನು ಕವರಿಗೆ ತುಂಬುತ್ತಿದ್ದೆ. ಅವರೇ ಬಾಯಿ ಬಿಟ್ಟರು.

"ಅಕ್ಕ, ಕೆರೆಯಲ್ಲಿ ಆಳ ಇರೋ ಕಡೆ ಯಾವುದು?"

ಯಾಕಣ್ಣ ಅಂದೆ. ಸರ್ಕಾರದವರೇ ಬಿಡಬೇಕು ಅಂದಿದ್ದಾರೆ, ನಾಳೆ ಬೆಳಗ್ಗೆ ಬಿಟ್ಟುಬಿಡ್ತೀನಿ ಅಂದರು. ತೊಟ್ಟಿ ಈಗಲೇ ಸಾಲುತ್ತಿಲ್ಲ, ತಿರುಗೋಕೆ ಹೋದರೆ ಮೂತಿ ಗಾಜಿಗೆ ಉಜ್ಜಿ ಗಾಯ ಆಗಿದೆ, ಇನ್ನೂ ದೊಡ್ಡದು ಮಾಡೋಣ ಅಂದರೆ ಕೋಣೆಯೇ ಇಲ್ಲ, ಏನಪ್ಪ ದಾರಿ ಅಂತ ಯೋಚನೆ ಮಾಡ್ತಿದ್ದೆ, ಅವರೇ ದಾರಿ ತೋರಿಸಿದರು ಅಂತ ಹೇಳಿದರು. ಅಷ್ಟು ಮಾತನ್ನು ಅವರು ಒಟ್ಟಿಗೆ ಆಡಿದ್ದು ನಾನು ಕಂಡಿರಲಿಲ್ಲ.

ಆಮೇಲೆ ತಿಳಿದದ್ದು ಏನೆಂದರೆ, ಆಟೋ ಓಣಿಗೆ ಬಂದಾಗ ಅವರು ಗಾಜಿನ ಮೇಲೆ ಗೆರೆ ಎಳೆಯುತ್ತಿದ್ದರು. ಉಳಿ ಇಡುವ ಮುಂಚೆ "ಮೊಸಳೆ ಮೀನನ್ನು ಸಾಕಿರುವವರು ಕೂಡಲೇ" ಅನ್ನುವುದು ಕಿವಿಗೆ ಬಿದ್ದಿದೆ. ಗೆರೆ ಮುಗಿದು ಉಸಿರು ಬಿಟ್ಟಾಗ "ಬಿಡಬೇಕು" ಅನ್ನುವುದು ಬಿದ್ದಿದೆ. ಉಳಿದದ್ದನ್ನು ಹೊತ್ತುಕೊಂಡು ಆಟೋ ತಿರುವಿನಲ್ಲಿ ಮರೆಯಾಯಿತು. ಮೀನಿನ ವಿಷಯದಲ್ಲಿ ಬಿಡೋದು ಅಂದರೆ ಇಲ್ಲಿ ಎಲ್ಲರಿಗೂ ತಿಳಿದದ್ದು ಒಂದೇ. ಇಲಾಖೆಯವರೇ ವರ್ಷಕ್ಕೊಮ್ಮೆ ಡಬ್ಬಗಳಲ್ಲಿ ಮರಿ ತಂದು ಕೆರೆಗೆ ಬಿಡುತ್ತಾರೆ. ಈ ವರ್ಷ ಮೀನು ಬಿಟ್ಟರಾ, ಎಷ್ಟು ಬಿಟ್ಟರು ಅಂತಲೇ ನಾವು ಮಾತಾಡೋದು.

ನಾನು ಹೇಳಿದೆ, ಅಣ್ಣ, ಕೆರೆಗೆ ಬಿಡಬಾರದು ಅಂತಲೂ ಅಂದರು, ಸಾಕೋದು ಬಿಡಬೇಕು ಅಂತ ಅವರು ಹೇಳಿದ್ದು. ಅವರು ಒಪ್ಪಲಿಲ್ಲ. ಒಂದೇ ಬಾಯಲ್ಲಿ ಬಿಡಬೇಕು, ಬಿಡಬಾರದು ಎರಡೂ ಹೇಗೆ ಹೇಳ್ತಾರೆ, ನೀವು ಮಾರ್ಕೆಟ್ ಗದ್ದಲದಲ್ಲಿ ತಪ್ಪಾಗಿ ಕೇಳಿಸಿಕೊಂಡಿದ್ದೀರಿ ಅಂದರು.

ಒಣಮೀನಿನವಳಿಗೆ ತಡೆಯಲಿಲ್ಲ. "ನನ್ನ ಗಂಡ ಹೋದ ತಿಂಗಳು ಬೀಡಿ ಬಿಟ್ಟ. ಬಿಟ್ಟ ಅಂದ್ರೆ ತಗೊಂಡು ಹೋಗಿ ಕೆರೆಗೆ ಬಿಟ್ಟು ಬಂದ್ನಾ, ಗಾಜಪ್ಪ?"

ಸುತ್ತ ಇದ್ದವರೆಲ್ಲ ನಕ್ಕರು. ಗಾಜಪ್ಪನವರು ಕವರು ತೆಗೆದುಕೊಂಡು, ತೋಳು ಅಗಲಿಸಿಕೊಂಡು ಹೊರಟುಹೋದರು. ನಕ್ಕದ್ದು ಅವರಿಗೆ ನಾಟಿತೋ ಇಲ್ಲವೋ ಗೊತ್ತಾಗಲಿಲ್ಲ. ಆ ಮೀನು ತಲೆ ಬೀಸುವುದನ್ನು ನಾನು ಕಣ್ಣಾರೆ ಕಂಡಿದ್ದೆ. ಹೋಗುವ ದಾರಿಯಲ್ಲಿ ಮೈದುನನ ಮನೆಗೆ ಹೋಗಿ ವಿಷಯ ಮುಟ್ಟಿಸಿದೆ. ಅವನು, ಬರ್ಲಿ ಅತ್ತಿಗೆ, ನಾನೂ ಅಲ್ಲೇ ಇರ್ತೀನಲ್ಲ ಅಂದ.

ಬೆಳಗ್ಗೆ ನಾನು ಕೆರೆ ಏರಿ ಹತ್ತುವಷ್ಟರಲ್ಲಿ ಗೂಡ್ಸ್ ಆಟೋ ಬಂದಿತ್ತು. ಹಿಂದೆ ನೀಲಿ ಡ್ರಮ್ಮು, ಬಾಯಿಗೆ ಒದ್ದೆ ಗೋಣಿಚೀಲ. ಮೀನು ಡ್ರಮ್ಮಿಗಿಂತ ಉದ್ದ. ಮೂತಿ ಚೀಲವನ್ನು ಎತ್ತಿಕೊಂಡು ಆಚೆ ಬಂದಿತ್ತು, ಹೊದ್ದು ಮಲಗಿದವರ ಕಾಲು ಆಚೆ ಬಂದ ಹಾಗೆ. ಗಾಜಪ್ಪನವರು ಡ್ರಮ್ಮು ತಬ್ಬಿಕೊಂಡು ಕೂತಿದ್ದರು. ಅಂಗಿಯೆಲ್ಲ ಒದ್ದೆ. ತೊಟ್ಟಿಯಿಂದ ತೆಗೆಯೋಕೆ ಹೆಂಡತಿಯ ಹೊದಿಕೆಯಲ್ಲಿ ಸುತ್ತಿದ್ದರಂತೆ. ಆಯಮ್ಮ, ನನ್ನ ಹೊದಿಕೆಯನ್ನೂ ಅದಕ್ಕೇ ಹೊದಿಸಿ ಕಳಿಸಿ ಅಂದಿದ್ದರಂತೆ.

ಮೈದುನ ನೀರಿನಿಂದ ಎದ್ದು ಬಂದ. ಮೊಣಕಾಲ ತನಕ ಕೆಸರು. ಡ್ರಮ್ಮಿಗೆ ಒಂದು ಕೈ ಇಟ್ಟು ಒಳಗೆ ಬಗ್ಗಿ ನೋಡಿದ.

"ಇವನು ಏನು ತಿಂತಾನೆ?"

"ಮೀನು," ಅಂದರು ಗಾಜಪ್ಪನವರು.

"ಕೆರೆಯಲ್ಲಿ ಏನಿದೆ ಅಂದ್ಕೊಂಡ್ರಿ? ಬದನೇಕಾಯಾ?"

ಆಟೋದವನು ನಕ್ಕ. ಮೈದುನ ನಗಲಿಲ್ಲ. ಗಾಜಪ್ಪನವರು ಮೆಲ್ಲಗೆ, ಅವನೊಬ್ಬ ಎಷ್ಟು ತಿಂದಾನು ಅಂದರು. ಇಷ್ಟು ವರ್ಷ ನೀವು ನಮ್ಮತ್ತಿಗೆ ಹತ್ರ ದಿನಾ ಎಷ್ಟು ಒಯ್ದಿದ್ದೀರೋ ಅಷ್ಟು, ಅದೂ ಬಡಿಸೋರು ಇಲ್ಲದೆ ಅಂದ ಮೈದುನ. ನಮ್ಮ ಮರಿ ಎಲ್ಲ ಇವನ ಹೊಟ್ಟೆಗೆ ಹೋದ ಮೇಲೆ ನಾನು ಗಾಜು ಕೊಯ್ಯೋಕೆ ನಿಮ್ಮ ಅಂಗಡಿಗೆ ಬರ್ಲಾ ಅಂದ. ಮಾತು ಜೋರಾಗಿರಲಿಲ್ಲ, ಆದರೆ ಡ್ರಮ್ಮಿನ ಮೇಲಿಂದ ಕೈ ತೆಗೆಯಲೇ ಇಲ್ಲ. ಗಾಜಪ್ಪನವರು ಇನ್ನೊಂದು ಕಡೆಯಿಂದ ಹಿಡಿದಿದ್ದರು. ಇಬ್ಬರ ನಡುವೆ ಆ ಮೀನು ಗುಳುಕ್ ಅಂತ ಗಾಳಿ ಕುಡಿಯಿತು.

ಅವರು ನನ್ನ ಕಡೆ ತಿರುಗಿದರು. "ಅಕ್ಕ, ನೀವಾದರೂ ಹೇಳಿ. ಅವನಿಗೂ ಒಂದು ಜಾಗ ಬೇಡ್ವಾ?"

ಮೀನಿನ ಮೇಲೆ ನನಗೆ ದ್ವೇಷ ಇರಲಿಲ್ಲ. ಅವರ ಮೇಲಂತೂ ಇರಲಿಲ್ಲ. ಇಲಾಖೆಯವರನ್ನೇ ಕೇಳೋಣ ಅಂದೆ. ಮರಿ ಬಿಡೋಕೆ ಬರುವ ಆಫೀಸರ್ ಮೇಡಂ ನಂಬರು ಮೈದುನನ ಹತ್ತಿರ ಇತ್ತು. ಫೋನು ಮಾಡಿ, ಎಲ್ಲರಿಗೂ ಕೇಳುವ ಹಾಗೆ ಇಟ್ಟ. ಆಯಮ್ಮ ಬಿಡಬೇಡಿ, ಬಿಡಬೇಡಿ, ನಾನು ಬರೋ ತನಕ ನೀರಿನ ಹತ್ರ ಹೋಗಲೇಬೇಡಿ ಅಂದರು. ಬಿಡಬೇಕು ಅಂದವರೂ ನೀವೇ ಅಲ್ವಾ ಅಂತ ಗಾಜಪ್ಪನವರು ಕೇಳಿದರು. ಮೇಡಂ, "ಸಾಕೋದನ್ನ ಬಿಡಿ ಅಂದ್ವಿ ಸರ್. ಮೀನನ್ನಲ್ಲ," ಅಂದರು.

ಗಾಜಪ್ಪನವರು ಡ್ರಮ್ಮಿನ ಮೇಲೆ ಗೋಣಿಚೀಲ ಸರಿಮಾಡಿದರು. ಆಟೋದವನಿಗೆ ವಾಪಸು ನಡಿ ಅಂತ ಸನ್ನೆ ಮಾಡಿದರು. ಮೈದುನ ಕೆಸರು ಕೈಯಲ್ಲೇ ಡ್ರಮ್ಮಿಗೆ ಎರಡು ಬಕೆಟ್ ಕೆರೆ ನೀರು ಹಾಕಿ ಕಳಿಸಿದ. ಮನೆ ಸೇರುವ ತನಕ ಬೇಕಲ್ಲ ಅಂದ.

ಮೇಡಂ ಅದೇ ಮಧ್ಯಾಹ್ನ ಬಂದರು. ನನಗೂ ಬನ್ನಿ ಅಂತ ಗಾಜಪ್ಪನವರ ಹೆಂಡತಿ ಹೇಳಿ ಕಳಿಸಿದ್ದರು. ಮೇಡಂ ಚಿಕ್ಕ ವಯಸ್ಸಿನ ಹೆಂಗಸು, ಬೆವರು ಒರೆಸಿಕೊಳ್ಳುತ್ತ, ಮೀನನ್ನು ಮತ್ತೆ ಇಳಿಸಿದ್ದ ತೊಟ್ಟಿಯ ಮುಂದೆ ನಿಂತು ಬಹಳ ಹೊತ್ತು ನೋಡಿದರು. ಇಷ್ಟು ಚೆನ್ನಾಗಿ ಸಾಕಿದ್ದನ್ನ ನಾನು ಎಲ್ಲೂ ನೋಡಿಲ್ಲ ಅಂದರು. ಸುಳ್ಳು ಹೇಳಿದ ಹಾಗೆ ಕಾಣಲಿಲ್ಲ. ಆಮೇಲೆ ಕಾನೂನು ಏನು ಅಂತ ಬಿಡಿಸಿ ಹೇಳಿದರು. ಇಟ್ಟುಕೊಳ್ಳೋ ಹಾಗಿಲ್ಲ. ಬೇರೆಯವರಿಗೆ ಕೊಡೋ ಹಾಗಿಲ್ಲ. ತಂದುಕೊಟ್ಟ ಅಂಗಡಿಗೂ ಇಲ್ಲ, ಆ ಅಂಗಡಿಯವನು ಇಂಥ ಮೀನು ತನ್ನ ಕಣ್ಣಿಗೇ ಬಿದ್ದಿಲ್ಲ ಅಂತ ಆಗಲೇ ಹೇಳಿಬಿಟ್ಟಿದ್ದ. ಪ್ರಾಣಿಸಂಗ್ರಹಾಲಯದವರನ್ನು ಕೇಳಿದ್ದಾರೆ, ಅಲ್ಲಿ ಆಗಲೇ ಇರೋದಕ್ಕೇ ಜಾಗ ಇಲ್ಲ. ಕೊಯ್ದು ತಿನ್ನೋದೂ ಬೇಡ, ಅದರ ಮೊಟ್ಟೆ ವಿಷ.

ಗಾಜಪ್ಪನವರು ಎಲ್ಲ ಕೇಳಿಸಿಕೊಂಡರು. "ಹಾಗಾದ್ರೆ ಇದು ಎಲ್ಲಿರಬೇಕು?"

ಮೇಡಂ ಕಿಟಕಿ ಕಡೆ ನೋಡಿದರು. "ಎಲ್ಲೂ ಇರಬಾರದು ಸರ್."

ಅವರ ಹೆಂಡತಿ, ಆ ಸವತಿ ಮಾತಿನ ಹೆಂಗಸು, ಸೀದಾ ಎದ್ದು ಅಡುಗೆಮನೆಗೆ ಹೋದರು. ಅಲ್ಲಿಂದ ಪಾತ್ರೆಯ ಸದ್ದು ಬಂತು. ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದರು ಅನ್ನಿಸಿತು.

ಹೇಗೆ ಮಾಡ್ತೀರಿ ಅಂತ ಗಾಜಪ್ಪನವರು ಕೇಳಿದರು. ಬೇರೆ ಕಡೆ ಚೀಲಕ್ಕೆ ಹಾಕಿ ಒಯ್ದು ತಲೆಗೆ ಹೊಡೆಯುತ್ತಾರೆ ಅನ್ನುವುದು ಅವರ ಕಿವಿಗೂ ಬಿದ್ದಿತ್ತು. ಮೇಡಂ ಚೀಲದಿಂದ ಒಂದು ಬಾಟಲಿ ತೆಗೆದರು. ಲವಂಗದ ಎಣ್ಣೆ. ನೀರಿಗೆ ಬೆರೆಸಿದರೆ ಮೊದಲು ನಿದ್ದೆ ಬರುತ್ತೆ, ಇನ್ನಷ್ಟು ಹಾಕಿದರೆ ಏಳೋದಿಲ್ಲ, ನೋವು ಗೊತ್ತಾಗೋದಿಲ್ಲ ಅಂದರು. ನಾಳೆ ನಮ್ಮ ಆಫೀಸಿನವನನ್ನು ಕಳಿಸ್ತೀನಿ, ಅವನು ಹಾಕ್ತಾನೆ, ನೀವು ಆಚೆ ಇರಿ.

"ಬೇಡ. ನಾನೇ ಹಾಕ್ತೀನಿ. ನಾಳೆ ಬೇಡ, ಇವತ್ತೇ ಆಗಲಿ. ಅವನು ಬೆಳಗ್ಗೆಯಿಂದ ತಿಂದಿಲ್ಲ, ಗಾಬರಿಯಾಗಿದ್ದಾನೆ."

ಮೇಡಂ ನನ್ನ ಮುಖ ನೋಡಿದರು. ನಾನು ತಲೆ ಆಡಿಸಿದೆ. ಅವರು ಬಾಟಲಿ ಕೊಟ್ಟರು.

ಊಟ ಹಾಕಲಾ ಮೊದಲು ಅಂತ ಗಾಜಪ್ಪನವರು ಕೇಳಿದರು. ಹಾಕಬೇಡಿ, ಹೊಟ್ಟೆ ಖಾಲಿ ಇದ್ದರೆ ಒಳ್ಳೆಯದು ಅಂದರು ಮೇಡಂ. ಅದಕ್ಕೂ ಸರಿ ಅಂದರು. ತೊಟ್ಟಿಯ ನೀರನ್ನು ಅರ್ಧಕ್ಕಿಳಿಸಿದರು. ಎಣ್ಣೆಯನ್ನು ಬೆಚ್ಚಗಿನ ನೀರಿನ ಬಾಟಲಿಗೆ ಹಾಕಿ, ಬೆಳ್ಳಗಾಗುವ ತನಕ ಕುಲುಕಿ, ಮೂಲೆಯಿಂದ ನಿಧಾನವಾಗಿ ಸುರಿದರು. ಗಾಜಿನ ಮೇಲೆ ಗೆರೆ ಎಳೆಯುವಾಗ ಹೇಗೆ ನಿಲ್ಲುತ್ತಿದ್ದರೋ ಹಾಗೇ ನಿಂತಿದ್ದರು. ಮೇಡಂ ಏನೋ ಹೇಳಿದರು, ಅವರಿಗೆ ಕೇಳಿಸಲಿಲ್ಲ. ಕೋಣೆಯೆಲ್ಲ ಹಲ್ಲುನೋವಿಗೆ ಹಚ್ಚುವ ಎಣ್ಣೆಯ ವಾಸನೆ. ಮೀನು ಒಂದೆರಡು ಸಲ ಮೇಲೆ ಬಂದು ಗಾಳಿ ಕುಡಿಯಿತು, ಸ್ವಲ್ಪ ಓರೆಯಾಯಿತು, ಗೋಡೆಗೆ ಒರಗಿದವರ ಹಾಗೆ ಗಾಜಿಗೆ ಒರಗಿತು. ಎರಡನೆಯ ಬಾಟಲಿಯನ್ನೂ ಅವರೇ ಸುರಿದರು. ಕಿವಿರು ನಿಲ್ಲುವುದಕ್ಕೆ ಬಹಳ ಹೊತ್ತು ಹಿಡಿಯಿತು. ನಿಂತ ಮೇಲೂ ಮೇಡಂ ಕಾಯಿರಿ ಅಂದರು, ಎಲ್ಲರೂ ಕಾದೆವು. ಹೊರಗೆ ಓಣಿಯಲ್ಲಿ ಯಾರೋ ಕನ್ನಡಿ ರೆಡಿಯಾಯ್ತಾ ಅಂತ ಕೂಗಿ, ಉತ್ತರ ಬಾರದೆ ಹೋದರು.

ಎತ್ತಿದ್ದು ನಾನು ಮತ್ತು ಮೇಡಂ. ದಿನಾ ಮೀನು ಎತ್ತುವ ಕೈ, ಎತ್ತಿದ ತಕ್ಷಣ ತೂಕ ತಾನಾಗಿಯೇ ಮನಸ್ಸಿಗೆ ಬಂತು. ಹೇಳಲಿಲ್ಲ. ಪರೆ ಅಂಗೈಗೆ ಒರಟಾಗಿ ತಾಗಿತು. ಮೂತಿಯ ತುದಿಯಲ್ಲಿ ಗಾಜಿಗೆ ಉಜ್ಜಿದ ಗಾಯ ಹಾಗೇ ಇತ್ತು. ಗಾಜಪ್ಪನವರ ಹೆಂಡತಿ ಅಡುಗೆಮನೆಯಿಂದ ಬಂದು ಬೆಳಗಿನ ಹೊದಿಕೆಯನ್ನೇ ನೆಲಕ್ಕೆ ಹಾಸಿದರು. ಅದರಲ್ಲೇ ಸುತ್ತಿದೆವು. ಮೇಡಂ ಜೀಪಿನಲ್ಲಿ ಇಟ್ಟುಕೊಂಡು ಹೋದರು. ಅವರು ಹೋಗುವಾಗ, ಮೈಕಿನಲ್ಲಿ ಹೇಳೋ ಮಾತು ಬದಲಾಯಿಸ್ತೀವಿ ಸರ್ ಅಂದರು. ಮಾರನೆಯ ವಾರ ಆಟೋ ಮತ್ತೆ ಬಂತು. ಈ ಸಲ "ಸಾಕುವುದನ್ನು ನಿಲ್ಲಿಸಬೇಕು" ಅಂತಿತ್ತು.

ಕೆರೆ ಈಗಲೂ ಚೆನ್ನಾಗಿದೆ. ಮೈದುನನ ಮಕ್ಕಳು ಬಲೆ ಹಾಕುತ್ತಾರೆ. ಗಾಜಪ್ಪನವರು ಮತ್ತೆ ಮಾರ್ಕೆಟ್ಟಿಗೆ ಬರಲಿಲ್ಲ. ಮೀನು ತಿನ್ನದವರಿಗೆ ಅಲ್ಲಿ ಏನು ಕೆಲಸ. ಓಣಿಯಲ್ಲಿ ಎದುರಾದರೆ ಚೆನ್ನಾಗಿದ್ದೀರಾ ಅಕ್ಕ ಅಂತ ತಲೆ ಬಾಗಿಸುತ್ತಿದ್ದರು, ನಿಲ್ಲುತ್ತಿರಲಿಲ್ಲ. ಆಮೇಲೆ ಅಂಗಡಿ ಮುಚ್ಚಿ ಹೆಂಡತಿಯ ಅಣ್ಣನ ಊರಿಗೆ ಹೋದರು. ಅಲ್ಲೇ ತೀರಿಕೊಂಡರು ಅಂತ ಒಣಮೀನಿನವಳು ಹೇಳಿದಳು. ಅವಳಿಗೆ ಯಾರು ಹೇಳಿದರೋ.

ಅವರು ನನ್ನನ್ನು ಕೊನೆಯದಾಗಿ ಒಂದು ಸಹಾಯ ಕೇಳಿದ್ದು ಅವತ್ತೇ, ಜೀಪು ಹೋದ ಮೇಲೆ. ಹೆಂಡತಿ ಕೋಣೆ ಒರೆಸೋಕೆ ನೀರು ತರಲು ಹೋಗಿದ್ದರು. ಗಾಜಪ್ಪನವರು ಉಳಿದ ನೀರನ್ನೆಲ್ಲ ಬಕೆಟ್ಟಿನಲ್ಲಿ ಮೊಗೆದು ಖಾಲಿ ಮಾಡಿದರು. ಬ್ಲೇಡು ತಂದು, ತೊಟ್ಟಿಯ ಮೂಲೆಯ ಅಂಟನ್ನು ಮೇಲಿಂದ ಕೆಳಗಿನ ತನಕ ಒಂದೇ ಎಳೆತಕ್ಕೆ ಸೀಳಿದರು. ಇನ್ನೊಂದು ಮೂಲೆಯನ್ನೂ ಸೀಳಿದರು. ಮುಂದಿನ ದೊಡ್ಡ ಗಾಜು ಸಡಿಲವಾಗಿ ಅವರ ಎದೆಗೆ ಒರಗಿತು. ತೋಳು ಪೂರ್ತಿ ಚಾಚಿದರೂ ಆಚೆ ಅಂಚು ಸಿಗಲಿಲ್ಲ. ಒದ್ದೆ ಗಾಜಿನ ಹಿಂದಿನಿಂದ ನನ್ನನ್ನು ನೋಡಿದರು.

"ಅಕ್ಕ, ಆ ಕಡೆ ಸ್ವಲ್ಪ ಹಿಡ್ಕೊಳ್ತೀರಾ?"